ಆಂಜಿಯ ಪಾಲಿನ ಮಾತುಗಳು

ಮುಳಬಾಗಿಲು
20 ಜೂನ್ 2024

ಹಜೀರಾ ಮೇಡಂ ಅವರಿಗೆ ನಮಸ್ಕಾರ.

ನಾನು ಆಶಾರಾಣಿ. ನಂಗಲಿ ಹತ್ತಿರದ ಹೈಸ್ಕೂಲಿಗೆ ನಿಮ್ಮ ಜಾಗಕ್ಕೆ ಬಂದಿರುವ ಕನ್ನಡ ಟೀಚರು. ಊರು ಮಾಲೂರು. ಮುಳಬಾಗಿಲಿನಲ್ಲಿ ರೂಮು ಮಾಡಿಕೊಂಡು ಬಸ್ಸಿನಲ್ಲಿ ಓಡಾಡುತ್ತೇನೆ. ನಿಮ್ಮ ಫೋನಿಗೆ ಯಾವಾಗ ಮಾಡಿದರೂ ಸ್ವಿಚ್ ಆಫ್. ಹೆಡ್‌ಮಾಸ್ಟರ್ ಚನ್ನರಾಯಪ್ಪನವರನ್ನು ಕೇಳಿದರೆ ವಿಳಾಸ ಕೊಟ್ಟು, ಕಾಗದ ಬರೆದುಬಿಡಿ ಎಂದರು. ಈ ಕಾಲದಲ್ಲೂ ಕಾಗದ ಬರೆಸುತ್ತಾರಲ್ಲ ಎಂದು ನಿಮ್ಮ ಮೇಲೆ ಸ್ವಲ್ಪ ಸಿಟ್ಟು ಬಂತು. ಬಂದದ್ದನ್ನು ಮುಚ್ಚಿಡುವ ಅಭ್ಯಾಸ ನನಗಿಲ್ಲ.

ವಿಷಯ ಇಷ್ಟು. ಹತ್ತನೇ ಕ್ಲಾಸಿಗೆ ಹೋದ ಮೊದಲ ದಿನ, ಒಬ್ಬೊಬ್ಬರೇ ಪರಿಚಯ ಹೇಳಿಕೊಳ್ಳಿ ಎಂದೆ. ಮುನಿಲಕ್ಷ್ಮಿ ಎನ್ನುವ ಹುಡುಗಿ ಎದ್ದು ‘ನಾನು ಹಾರ ಮಿಸ್’ ಎಂದಳು. ಪಕ್ಕದ ಮಿಸ್ಬಾ ‘ನಾನು ಸಂ’ ಎಂದಳು. ಹಿಂದಿನ ಬೆಂಚಿನ ವೆಂಕಟ್ ‘ಗಾರ’ನಂತೆ. ಹೊಸ ಟೀಚರನ್ನು ಆಟ ಆಡಿಸುತ್ತಿದ್ದಾರೆ ಎಂದುಕೊಂಡು ಚೆನ್ನಾಗಿ ಗದರಿದೆ. ನೀವು ಎಂಟನೇ ಕ್ಲಾಸಿನಲ್ಲೇ ಚೀಟಿ ಎತ್ತಿಸಿ ಒಬ್ಬೊಬ್ಬರಿಗೂ ಪದದ ಒಂದೊಂದು ತುಂಡು ಕೊಟ್ಟಿದ್ದೀರಿ ಎನ್ನುವುದು ಆಮೇಲೆ ತಿಳಿಯಿತು. ಕೆಲವರಿಗೆ ಮೂಲ ಪದ, ಕೆಲವರಿಗೆ ತಲೆಗೆ ಸೇರುವ ಉಪಸರ್ಗ, ಕೆಲವರಿಗೆ ಬಾಲಕ್ಕೆ ಸೇರುವ ಪ್ರತ್ಯಯ. ‘ಸಂ’ ಓಡಿಬಂದು ‘ಹಾರ’ದ ಪಕ್ಕ ನಿಂತರೆ ಸಂಹಾರ, ಅವಳನ್ನು ತಳ್ಳಿ ‘ವಿ’ ನಿಂತರೆ ವಿಹಾರ. ಬಿ.ಎಡ್‌ನಲ್ಲಿ ನನಗೆ ಯಾರೂ ಇಂಥದ್ದನ್ನು ಕಲಿಸಲಿಲ್ಲ. ಈ ಮಕ್ಕಳು ಕಾಣದ ಪದವನ್ನೂ ಬಿಡಿಸಿ ಅರ್ಥ ಹೇಳುತ್ತಾರೆ. ನಿಜಕ್ಕೂ ಹೊಟ್ಟೆಕಿಚ್ಚಾಯಿತು.

ಒಂದು ಮಾತ್ರ ಅರ್ಥವಾಗಲಿಲ್ಲ. ಹೆಸರಿನ ಹಾಜರಿ ಮುಗಿದ ಮೇಲೆ ತುಂಡುಗಳ ಹಾಜರಿಯನ್ನು ಮಕ್ಕಳೇ ಕರೆದುಕೊಳ್ಳುತ್ತಾರೆ. ‘ವಿ?’ ‘ಇದೆ.’ ‘ಪ್ರತಿ?’ ‘ಇದೆ.’ ಅಲ್ಲಿಗೆ ಎಲ್ಲರೂ ಸುಮ್ಮನಾಗುತ್ತಾರೆ. ಯಾರೂ ಕೆಮ್ಮುವುದಿಲ್ಲ, ಬೆಂಚು ಎಳೆಯುವುದಿಲ್ಲ. ಆಮೇಲೆ ‘ಉಪ?’ ಎಂದು ಮುಂದಕ್ಕೆ ಹೋಗುತ್ತಾರೆ. ಏನ್ರೋ ಅದು ಎಂದು ಕೇಳಿದರೆ ನೆಲ ನೋಡುತ್ತಾರೆ. ಇದೂ ನಿಮ್ಮ ಆಟದ ನಿಯಮವೇ? ದಯವಿಟ್ಟು ತಿಳಿಸಿ.

ಇಂತಿ,
ಆಶಾರಾಣಿ


ಶ್ರೀನಿವಾಸಪುರ
2 ಜುಲೈ 2024

ಆಶಾರಾಣಿಯವರಿಗೆ,

ಸಿಟ್ಟು ಬಂದದ್ದು ಒಳ್ಳೆಯದೇ. ಸಿಟ್ಟಿಲ್ಲದ ಟೀಚರಿಗೆ ಆ ಕ್ಲಾಸು ಮೂರೇ ದಿನದಲ್ಲಿ ನೀರು ಕುಡಿಸುತ್ತದೆ. ನನ್ನ ಕಿವಿ ಸರಿಯಿಲ್ಲ, ಅದಕ್ಕೆ ಫೋನು ಆಗದು. ಅವಧಿಗೆ ಮುಂಚೆಯೇ ನಿವೃತ್ತಿ ತೆಗೆದುಕೊಂಡು ತಮ್ಮ ಲಿಯಾಖತ್‌ನ ಮನೆಯಲ್ಲಿದ್ದೇನೆ. ಅವನದು ಮಾವಿನ ಮಂಡಿ. ಸೀಸನ್ನು ಮುಗಿಯುತ್ತಾ ಬಂದರೂ ಮನೆಯಲ್ಲಿ ಕಾಲಿಟ್ಟಲ್ಲೆಲ್ಲ ಹುಲ್ಲು, ಕ್ರೇಟು.

ನಿಯಮ ಕೇಳಿದಿರಿ. ಇರುವುದು ಒಂದೇ. ಮಗು ಬಾರದ ದಿನ ಅದರ ತುಂಡನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಆ ತುಂಡು ಸೇರುವ ಪದವನ್ನು ಕಟ್ಟುವಂತಿಲ್ಲ, ಬರೆಯುವಂತಿಲ್ಲ, ಬಾಯಲ್ಲಿ ಆಡುವಂತೆಯೂ ಇಲ್ಲ. ಟೊಮೆಟೊ ಕೊಯ್ಲು ಬಂದರೆ ಅರ್ಧ ಕ್ಲಾಸು ತೋಟದಲ್ಲಿರುತ್ತಿತ್ತು, ಬೈದರೂ ಬರುತ್ತಿರಲಿಲ್ಲ. ಈ ನಿಯಮ ಮಾಡಿದ ಮೇಲೆ, ಬಂದವರೇ ಹೋಗಿ ಬಾರದವರನ್ನು ರಟ್ಟೆ ಹಿಡಿದು ತರತೊಡಗಿದರು. ವೆಂಕಟ್ ಬರದಿದ್ದರೆ ಹಾಡುಗಾರನೂ ಇಲ್ಲ, ಮೋಸಗಾರನೂ ಇಲ್ಲ. ಎಷ್ಟು ಹೊತ್ತು ಅಂತ ಸುಮ್ಮನೆ ಕೂರುತ್ತಾರೆ, ಹೇಳಿ. ಆ ವರ್ಷ ನನ್ನ ಕ್ಲಾಸಿನಿಂದ ಒಂದು ಮಗುವೂ ಸ್ಕೂಲು ಬಿಡಲಿಲ್ಲ.

ಮಿಸ್ಬಾಗೆ ಬುದ್ಧಿ ಜಾಸ್ತಿ, ಧೈರ್ಯ ಕಡಿಮೆ. ಅವಳನ್ನು ಎಲ್ಲರ ಮುಂದೆ ಬೈಯಬೇಡಿ. ವೆಂಕಟ್‌ಗೆ ಎಷ್ಟು ಬೈದರೂ ಸಾಲದು.

ನಡುವೆ ಸುಮ್ಮನಾಗುತ್ತಾರೆ ಎಂದು ಬರೆದಿದ್ದೀರಿ. ಮಕ್ಕಳು ತಮ್ಮದೇ ಏನೇನೋ ಸೇರಿಸಿಕೊಂಡಿರುತ್ತಾರೆ. ಸದ್ಯಕ್ಕೆ ಬಿಟ್ಟುಬಿಡಿ.

ಹಜೀರಾ


ಮುಳಬಾಗಿಲು
30 ಜುಲೈ 2024

ಹಜೀರಾ ಮೇಡಂ,

ಬಿಟ್ಟುಬಿಡಿ ಎಂದಿರಿ, ಬಿಟ್ಟೆ. ಬಿಟ್ಟದ್ದಕ್ಕೆ ಫಲ ಸಿಕ್ಕಿದೆ. ಮೊದಲ ಕಿರುಪರೀಕ್ಷೆಯಲ್ಲಿ ‘ಪರಿ’ ಸೇರಿಸಿ ಪದ ರಚಿಸಿ ಎಂದು ಕೊಟ್ಟಿದ್ದೆ. ಒಬ್ಬರೂ ಬರೆದಿಲ್ಲ. ಪ್ರಬಂಧಕ್ಕೆ ‘ಪರಿಸರ ಸಂರಕ್ಷಣೆ’ ಕೊಟ್ಟಿದ್ದೆ, ಅದನ್ನೂ ಮುಟ್ಟಿಲ್ಲ. ಮಿಸ್ಬಾಳಂಥ ಮಿಸ್ಬಾಳೂ ಅಷ್ಟು ಜಾಗ ಹಾಗೇ ಖಾಲಿ ಬಿಟ್ಟಿದ್ದಾಳೆ. ಆಗ ನನಗೆ ಹೊಳೆಯಿತು, ಈ ಮಕ್ಕಳು ಪರೀಕ್ಷೆಗೆ ಪರೀಕ್ಷೆ ಎಂದೂ ಅನ್ನುವುದಿಲ್ಲ, ಎಕ್ಸಾಮು ಅನ್ನುತ್ತಾರೆ. ಪರೀಕ್ಷೆಯೊಳಗೂ ‘ಪರಿ’ ಇದೆ ಎಂದು ನೀವೇ ಬಿಡಿಸಿ ತೋರಿಸಿದ್ದಿರಂತೆ.

ಪೇಪರುಗಳನ್ನು ಮೇಜಿನ ಮೇಲೆ ಕುಕ್ಕಿ, ಏನಿದು ಅಂದೆ. ವೆಂಕಟ್ ಎದ್ದು ತಣ್ಣಗೆ ಹೇಳಿದ: ‘ಆಂಜಿ ಬಂದಿಲ್ಲ ಮಿಸ್. ಅವ್ನು ಬಂದ್ಮೇಲೆ ಬರೀತೀವಿ.’

ಯಾರು ಆಂಜಿ ಎಂದು ಚನ್ನರಾಯಪ್ಪನವರನ್ನು ಕೇಳಿದೆ. ಆಂಜಿ ಜನವರಿಯಲ್ಲಿ ತೀರಿಕೊಂಡ ಹುಡುಗ ಎಂದರು. ಮೇಡಂ, ಇದನ್ನು ನೀವು ಹೇಳಬಾರದಿತ್ತೇ? ಸತ್ತ ಹುಡುಗನಿಗಾಗಿ ಇಡೀ ಕ್ಲಾಸು ಕಾಯುತ್ತಿದೆ, ನನಗೆ ಮಿಸ್ಬಾಳ ಧೈರ್ಯದ ವಿಚಾರ ಬರೆಯುತ್ತೀರಿ. ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ಅಲ್ಲಿ ಪೇಪರು ತಿದ್ದುವವರಿಗೆ ಆಂಜಿ ಯಾರು ಅಂತ ಗೊತ್ತಿರುತ್ತದೆಯೇ? ಈ ಮಕ್ಕಳು ಹೀಗೆ ಅಂಕ ಕಳೆದುಕೊಳ್ಳುವುದನ್ನು ನೋಡಿಕೊಂಡು ಕೂರಲು ನನ್ನಿಂದಾಗದು. ಆಂಧ್ರದ ಕಡೆಯಿಂದ ಅನಿತ ಎನ್ನುವ ಹೊಸ ಹುಡುಗಿ ಸೇರಿದ್ದಾಳೆ. ಅವಳಿಗಿನ್ನೂ ತುಂಡಿಲ್ಲ. ‘ಪರಿ’ಯನ್ನು ಅವಳಿಗೆ ಕೊಟ್ಟುಬಿಡುತ್ತೇನೆ.

ಆಶಾರಾಣಿ


ಶ್ರೀನಿವಾಸಪುರ
8 ಆಗಸ್ಟ್ 2024

ಆಶಾರಾಣಿ,

ಕೊಡಬೇಡಿ. ಬೇಡ ಎನ್ನಲು ನನಗೀಗ ಅಧಿಕಾರವಿಲ್ಲ, ಆದರೂ ಹೇಳುತ್ತಿದ್ದೇನೆ.

ಡಿಸೆಂಬರಿನ ಕೊನೆಗೆ ಅವನಿಗೆ ಜ್ವರ ಬಂತು. ಕೋಲಾರದ ಆಸ್ಪತ್ರೆಗೆ ಸೇರಿಸಿದರು. ಹೋಗಿ ನೋಡಿದೆ. ಮಾತಾಡಿದ, ನಕ್ಕ, ‘ನನ್ ತುಂಡು ಯಾರ್ಗೂ ಕೊಟ್ಟಿಲ್ಲ ತಾನೆ ಮಿಸ್’ ಎಂದು ಕೇಳಿದ. ಮಾರನೆಯ ದಿನ ಕ್ಲಾಸಿನಲ್ಲಿ ಹೇಳಿದೆ, ಇನ್ನೇನು ಬಂದುಬಿಡ್ತಾನೆ, ಅವನು ಬರೋವರೆಗೆ ಅವನ ಮಾತು ಕಟ್ಟೋದು ಬೇಡ ಎಂದು. ಮಕ್ಕಳು ಹೂಂ ಅಂದರು. ಸಂಕ್ರಾಂತಿ ರಜೆಯಲ್ಲಿ ಅವನು ಹೋಗಿಬಿಟ್ಟ. ಸ್ಕೂಲು ಶುರುವಾದ ದಿನ ನಾನು ಕ್ಲಾಸಿಗೆ ಹೋದೆ. ಅಭ್ಯಾಸಬಲದಿಂದ ಎಲ್ಲ ತುಂಡುಗಳನ್ನೂ ಕರೆದೆ, ಅವನದನ್ನೂ ಕರೆದೆ.

ಅಲ್ಲಿಂದ ಮುಂದಕ್ಕೆ ಬರೆಯಲು ಕೈ ಏಳುತ್ತಿಲ್ಲ. ಆ ಹುಡುಗಿಗೆ ಬೇರೆ ಏನಾದರೂ ಕೊಡಿ.

ಹಜೀರಾ


ಮುಳಬಾಗಿಲು
29 ಆಗಸ್ಟ್ 2024

ಮೇಡಂ,

ನಿಮ್ಮ ಮಾತು ಕೇಳಲಿಲ್ಲ. ದುಃಖದಲ್ಲಿರುವವರು ಹಾಗೇ ಹೇಳುತ್ತಾರೆ ಎಂದುಕೊಂಡೆ. ಅನಿತಳ ಕೈಗೆ ಚೀಟಿ ಕೊಟ್ಟು, ಈ ಹೊತ್ತು ಹಾಜರಿ ನಾನೇ ಕರೆಯುತ್ತೇನೆ ಎಂದೆ. ಕ್ಲಾಸು ಮುಖ ಗಂಟಿಕ್ಕಿಕೊಂಡು ಕೂತಿತ್ತು. ‘ಪ್ರತಿ?’ ‘ಇದೆ.’ ಆಮೇಲೆ ಸ್ವಲ್ಪ ಗಟ್ಟಿಯಾಗಿಯೇ ‘ಪರಿ?’ ಎಂದೆ.

ಅನಿತ ಬಾಯಿ ತೆರೆದಿರಲಿಲ್ಲ. ಅವಳನ್ನೇ ನೋಡುತ್ತಿದ್ದೆ. ಕ್ಲಾಸಿನಲ್ಲಿ ಯಾರ ತುಟಿಯೂ ಅಲುಗಲಿಲ್ಲ. ಗೋಡೆಯ ಕಡೆಯಿಂದ, ಮೆತ್ತಗೆ, ಸ್ವಲ್ಪ ಎಳೆದು, ‘ಇದೇ’ ಎಂದು ಕೇಳಿಸಿತು.

ಅನಿತ ಚೀಟಿಯನ್ನು ಬೆಂಚಿನ ಮೇಲಿಟ್ಟು ಅಳುವುದಕ್ಕೆ ಶುರುಮಾಡಿದಳು. ಉಳಿದ ಮಕ್ಕಳು ಮಾತ್ರ ಹೆದರಲೇ ಇಲ್ಲ. ಮುನಿಲಕ್ಷ್ಮಿ ಎದ್ದುಹೋಗಿ ಆ ಚೀಟಿಯನ್ನು ತಂದು ನನ್ನ ಮೇಜಿನ ಮೇಲಿಟ್ಟಳು, ದಿನವೂ ಮಾಡುವ ಕೆಲಸದ ಹಾಗೆ.

ನಾನು ದೆವ್ವಪಿಶಾಚಿ ನಂಬುವವಳಲ್ಲ. ರಾತ್ರಿ ಒಬ್ಬಳೇ ರೂಮಿನಲ್ಲಿ ಮಲಗುವವಳು. ಆದರೆ ಅವತ್ತಿನಿಂದ ನನಗೆ ಆ ಕ್ಲಾಸಿಗೆ ಹೋಗಲು ಭಯ. ನೀವು ಬರೆಯದೆ ಬಿಟ್ಟದ್ದು ಇದೇ ಅಲ್ಲವೇ? ನಿಮಗೂ ಕೇಳಿಸಿತ್ತೇ?

ಆಶಾರಾಣಿ


ಶ್ರೀನಿವಾಸಪುರ
10 ಸೆಪ್ಟೆಂಬರ್ 2024

ಆಶಾ,

ಕೇಳಿಸಿತ್ತು. ಅದೇ ಎಳೆತ. ಅವನು ಹಾಗೇ ಎಳೆದು ಹೇಳುತ್ತಿದ್ದ, ಆಗ ಅದಕ್ಕೆ ನಗುತ್ತಿದ್ದೆವು.

ಹೆದರಿಕೊಂಡು ನಿಲ್ಲಿಸಿಬಿಡಬೇಕಿತ್ತು. ನಿಲ್ಲಿಸಲು ಆಗಲಿಲ್ಲ. ಕರೆದರೆ ಉತ್ತರ ಬರುತ್ತದೆ ಎಂದು ಗೊತ್ತಾದ ಮೇಲೆ ಕರೆಯದೆ ಇರುವುದು ಹೇಗೆ? ವರ್ಷ ಮುಗಿಯುವವರೆಗೂ ಕರೆದೆ. ಬಂದ ದಿನ ನಡುಗುತ್ತಿದ್ದೆ, ಬಾರದ ದಿನ ಅವನು ಇನ್ನೊಂದು ಸಲ ಹೋದ ಹಾಗೆ ಅನ್ನಿಸುತ್ತಿತ್ತು. ಮಕ್ಕಳು ಹೆದರಲಿಲ್ಲ ಎಂದೆಯಲ್ಲ, ನನ್ನನ್ನು ಅತಿ ಹೆಚ್ಚು ಹೆದರಿಸಿದ್ದು ಅದೇ. ಇನ್ನೂ ಕೆಲವು ವರ್ಷ ಸರ್ವೀಸಿತ್ತು. ಬಿಟ್ಟು ಬಂದೆ.

ನನ್ನ ಕಿವಿಗೆ ಏನೂ ಆಗಿಲ್ಲ ಆಶಾ, ಚೆನ್ನಾಗಿ ಕೇಳಿಸುತ್ತದೆ. ಫೋನು ಹಿಡಿದಾಗ ಎರಡು ಮಾತಿನ ನಡುವೆ ಸದ್ದಿಲ್ಲದ ಒಂದು ಜಾಗ ಇರುತ್ತದಲ್ಲ, ಅಲ್ಲಿಯೂ ಅವನು ಹೇಳುತ್ತಾನೆ. ಅದಕ್ಕೆ ಫೋನು ಆಫ್.

ಒಂದು ಕೇಳಿಕೊಳ್ಳುತ್ತೇನೆ. ಅವನ ತಾಯಿ ಶಾಮಲಮ್ಮ ಎಂದು ಒಬ್ಬಳಿದ್ದಾಳೆ, ಹೈವೇ ಪಕ್ಕದಲ್ಲಿ ಲಾರಿಯವರಿಗೆ ಸೀಬೆಹಣ್ಣು ಮಾರುತ್ತಾಳೆ. ಈ ಸುದ್ದಿ ಅವಳ ಕಿವಿಗೆ ಬೀಳಬಾರದು. ಆ ಜೀವ ಇದನ್ನು ತಡೆಯುವುದಿಲ್ಲ.

ಹಜೀರಾ


ಮುಳಬಾಗಿಲು
18 ನವೆಂಬರ್ 2024

ಹಜೀರಾ ಮೇಡಂ,

ಇಷ್ಟು ದಿನ ಬರೆಯಲಿಲ್ಲ. ಹೆದರಿಕೊಂಡಿದ್ದೆ, ಅಷ್ಟೇ ಕಾರಣ. ತುಂಡುಗಳ ಹಾಜರಿ ಶುರುವಾದರೆ ಸ್ಟಾಫ್‌ರೂಮಿನಲ್ಲಿ ಏನೋ ಮರೆತವಳ ಹಾಗೆ ಎದ್ದುಹೋಗುತ್ತಿದ್ದೆ. ಅರ್ಧವಾರ್ಷಿಕದಲ್ಲೂ ಮಕ್ಕಳು ಹಾಗೇ ಖಾಲಿ ಬಿಟ್ಟರು. ಪೇಪರುಗಳನ್ನು ಹಾಗೇ ಹಿಂದಿರುಗಿಸಿದೆ.

ಮೊನ್ನೆ ಬಸ್ಸು ತಪ್ಪಿ ತಡವಾಯಿತು. ಮುಂದಿನ ಗೇಟಿನಿಂದ ಹೋದರೆ ಹೆಡ್‌ಮಾಸ್ಟರ ಕಣ್ಣಿಗೆ ಬೀಳುತ್ತೇನೆಂದು ಹಿಂದುಗಡೆಯಿಂದ ಬಂದೆ. ಹತ್ತನೇ ಕ್ಲಾಸಿನ ಕಿಟಕಿಯ ಕೆಳಗೆ ಒಬ್ಬ ಹೆಂಗಸು ಹಣ್ಣಿನ ಬುಟ್ಟಿ ಪಕ್ಕಕ್ಕಿಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದಳು. ಒಳಗೆ ಮಕ್ಕಳು ‘ಪ್ರತಿ?’ ಎಂದರು, ‘ಇದೆ’ ಬಂತು, ಆಮೇಲೆ ಸುಮ್ಮನಾದರು. ಆ ಸುಮ್ಮನಿರುವ ಹೊತ್ತಿನಲ್ಲಿ ಹೆಂಗಸಿನ ತುಟಿ ಅಲುಗಿತು.

ಅವಳೇ ಮೇಡಂ, ಶಾಮಲಮ್ಮ. ನನ್ನನ್ನು ನೋಡಿ ಬುಟ್ಟಿ ಎತ್ತಿಕೊಂಡು ಹೊರಟೇಬಿಟ್ಟಳು. ಕೈಹಿಡಿದು ಕೂರಿಸಿದೆ. ಬೈಯುತ್ತೇನೆ ಎಂದುಕೊಂಡಿದ್ದಳು.

‘ಶಾನೆ ದಿನ ಬರ್ದೆ ಇದ್ರೆ ಹೆಸ್ರು ಹೊಡ್ದಾಕ್ತಾರೆ ಅಂತಿದ್ದ ನಮ್ ಆಂಜಿ,’ ಎಂದಳು. ‘ಸತ್ತೋದ ಅಂತ ನಂಗೊತ್ತು ಕಣಮ್ಮ. ಈ ಕೈನಾಗೇ ಮಣ್ಣಾಕಿದೀನಿ. ಪೇರೈನಾ ಉಂಡನೀ, ಹೆಸ್ರಾದ್ರೂ ಇರ್ಲಿ ಅಂತ ನಾನೇ ಅಂತಿದ್ದೆ. ಆ ಸಾಬ್ರ ಮಿಸ್ಸು ದಿನಾ ಕರೀತಿದ್ರು. ಆಮೇಲೆ ಯಾರೂ ಕರೀಲಿಲ್ಲ, ಹೊಡ್ದಾಕ್ಬಿಟ್ರು ಅನ್ಕೊಂಡೆ. ಒಂದ್ ದಿನ ನೀವು ಕರುದ್ರಿ.’

ಅವನ ಎಳೆತ ಅವಳದೇ ಮೇಡಂ. ಹುಡುಗನಿಗೆ ಬಂದದ್ದು ತಾಯಿಯಿಂದ.

ಮಕ್ಕಳನ್ನು ಕೇಳಿದೆ. ಕಿಟಕಿ ಪಕ್ಕದವರಿಗೆಲ್ಲ ಮೊದಲಿನಿಂದಲೂ ಗೊತ್ತು. ‘ನಿಮ್ಗೆ ಗೊತ್ತಿದೆ ಅನ್ಕೊಂಡ್ವಿ ಮಿಸ್, ಹಜೀರಾ ಮಿಸ್‌ಗೂ ಗೊತ್ತಿತ್ತಲ್ಲ’ ಎಂದಳು ಮಿಸ್ಬಾ. ಉತ್ತರ ಬಾರದ ದಿನಗಳೆಂದರೆ ಅವಳು ಸಂತೆಗೆ ಹೋದ ದಿನಗಳು.

ನಿಮ್ಮ ಕಾಗದಗಳನ್ನು ಇವತ್ತು ಮತ್ತೆ ತೆಗೆದು ಓದಿದೆ. ಒಂದರಲ್ಲೂ ಆಂಜಿಯ ಪಾಲಿನ ಒಂದು ಪದವಿಲ್ಲ. ಮಕ್ಕಳ ಹಾಗೆ ನೀವೂ ಕಾಯುತ್ತಿದ್ದೀರಿ. ಇದನ್ನು ನಾನು ನಿಲ್ಲಿಸಿದರೆ ಮಕ್ಕಳು ಒಪ್ಪುವುದಿಲ್ಲ, ಅವನು ಬರೋವರೆಗೆ ಎಂದು ಹೇಳಿದವರು ನೀವು. ಬಂದು ನೀವೇ ಹೇಳಬೇಕು. ಆದರೆ ತುಂಡನ್ನು ಬೇರೆಯವರಿಗೆ ಕೊಟ್ಟರೆ ಆ ತಾಯಿಗೆ ಮಗನ ಹೆಸರು ಹೊಡೆದಂತೆಯೇ. ನನಗೆ ದಿಕ್ಕು ತೋಚುತ್ತಿಲ್ಲ.

ಆಶಾ


ಶ್ರೀನಿವಾಸಪುರ
1 ಡಿಸೆಂಬರ್ 2024

ಆಶಾ ಮಗಳೇ,

ನಿನ್ನ ಕಾಗದ ಓದಿ ಅಡುಗೆಮನೆಯ ಬಾಗಿಲು ಹಾಕಿಕೊಂಡು ಅತ್ತೆ. ಲಿಯಾಖತ್ ಹೊರಗಿನಿಂದ ‘ಆಪಾ, ಆಪಾ’ ಎಂದು ಬಡಿಯುತ್ತಿದ್ದ. ಒಂದು ಹೆಜ್ಜೆ ಇಟ್ಟು ಕಿಟಕಿಯಾಚೆ ಬಗ್ಗಿ ನೋಡಿದ್ದರೆ ಸಾಕಿತ್ತು. ನಾನು ಮಗನಿಗೆ ಹೆದರಿಕೊಂಡು ತಾಯಿಯನ್ನು ಬಿಸಿಲಲ್ಲಿ ಕೂರಿಸಿದೆ.

ಸಮಾಧಾನವಾಗಬೇಕಿತ್ತು, ಪೂರ್ತಿ ಆಗಲಿಲ್ಲ. ನಂಗಲಿಯಲ್ಲಿ ಕೇಳಿಸಿದ್ದು ಶಾಮಲಮ್ಮನ ದನಿ, ಒಪ್ಪಿದೆ. ಇಲ್ಲಿ ಶ್ರೀನಿವಾಸಪುರದಲ್ಲಿ, ಫೋನಿನಲ್ಲಿ, ನಮಾಜು ಮುಗಿದ ಮೇಲಿನ ಮೌನದಲ್ಲಿ ನನಗೆ ಕೇಳಿಸುವುದು ಯಾರದು? ಇಲ್ಲಿ ಕಿಟಕಿಯಾಚೆ ಇರುವುದು ಪಕ್ಕದ ಮನೆಯವರ ಗೋಡೆ. ಇದಕ್ಕೆ ಉತ್ತರ ಬರೆಯಬೇಡ.

ನಾನು ಬರಲಾರೆ. ಅಲ್ಲಿ ನಿಂತು ಹೇಳಲು ನನ್ನ ಬಾಯಿ ಏಳದು. ಬರೆದುಕೊಡುತ್ತೇನೆ, ನೀನು ಓದು. ಶಾಮಲಮ್ಮನನ್ನು ಒಳಗೆ ಕರೆದು, ಕುರ್ಚಿ ಹಾಕಿ ಕೂರಿಸಿಯೇ ಓದು.

‘ಮಕ್ಕಳೇ, ಆಂಜಿ ಬರುವುದಿಲ್ಲ. ಬರುತ್ತಾನೆ ಎಂದು ನಾನು ಹೇಳಿದ್ದೆ, ಅದು ಆಗಲಿಲ್ಲ. ಅವನ ಪಾಲಿನ ಮಾತುಗಳನ್ನು ಇನ್ನು ಮೇಲೆ ಕಟ್ಟಿ. ಪರಿಚಯ, ಪರಿಸರ, ಪರಿಮಳ, ಪರೀಕ್ಷೆ. ನಾನು ಈಗ ಬರೆದಿದ್ದೇನೆ, ನೀವೂ ಬರೆಯಿರಿ.’

ಇಷ್ಟು ಬರೆಯಲು ಬೆಳಗಿನಿಂದ ಕೂತಿದ್ದೇನೆ.

ಹಜೀರಾ


ಮುಳಬಾಗಿಲು
22 ಜನವರಿ 2025

ಹಜೀರಾ ಮೇಡಂ,

ಓದಿದೆ. ಶಾಮಲಮ್ಮ ಕುರ್ಚಿ ಬೇಡವೆಂದು ಬಾಗಿಲಲ್ಲೇ ನಿಂತಿದ್ದಳು. ಆಂಜಿ ಬರುವುದಿಲ್ಲ ಎಂದು ಓದುವಾಗ ಮಿಸ್ಬಾ ಅತ್ತಳು. ವೆಂಕಟ್ ತಲೆ ಬಗ್ಗಿಸಿ ಬೆಂಚನ್ನು ಉಗುರಿನಿಂದ ಕೆರೆಯುತ್ತಿದ್ದ. ತುಂಡನ್ನು ಯಾರು ತೆಗೆದುಕೊಳ್ಳುತ್ತೀರಿ ಎಂದು ಕೇಳಿದರೆ ಯಾರೂ ಕೈಯೆತ್ತಲಿಲ್ಲ.

ಆಗ ಶಾಮಲಮ್ಮ ಹೇಳಿದಳು: ‘ಈ ಮಕ್ಳು ಫೇಲಾಗೋದು ಬ್ಯಾಡಮ್ಮ. ನಂಗೇ ಕೊಡಿ.’

ಅವತ್ತಿನಿಂದ ತುಂಡುಗಳ ಹಾಜರಿಯನ್ನು ನಾನೇ ಕರೆಯುತ್ತೇನೆ. ಅವಳು ದಿನವೂ ಆ ಹೊತ್ತಿಗೆ ಬಂದು ಆಂಜಿಯ ಜಾಗದಲ್ಲಿ ಕೂರುತ್ತಾಳೆ. ‘ಪರಿ?’ ಎಂದರೆ ‘ಇದೇ’ ಎನ್ನುತ್ತಾಳೆ, ಮಕ್ಕಳು ಕಟ್ಟುವ ಪದಗಳನ್ನು ಒಂದಷ್ಟು ಹೊತ್ತು ಕೇಳುತ್ತಾಳೆ, ಬುಟ್ಟಿ ಎತ್ತಿಕೊಂಡು ಹೈವೇಗೆ ಹೋಗುತ್ತಾಳೆ. ಚನ್ನರಾಯಪ್ಪನವರು ಕಂಡೂ ಕಾಣದವರ ಹಾಗಿದ್ದಾರೆ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಎಲ್ಲರೂ ಬರೆದಿದ್ದಾರೆ. ಮಿಸ್ಬಾಗೆ ಪೂರ್ತಿ ಅಂಕ. ನಿಮಗೆ ಬರೆಯಬೇಕೆಂದಿದ್ದದ್ದು ಇಷ್ಟೇ. ಆದರೆ ನಿನ್ನೆ ಇನ್ನೊಂದು ನಡೆಯಿತು, ಅದನ್ನು ನಿಮಗಲ್ಲದೆ ಬೇರೆ ಯಾರಿಗೂ ಹೇಳಲಾರೆ.

ನಿನ್ನೆ ಶಾಮಲಮ್ಮನಿಗೆ ತಲೆನೋವಿತ್ತಂತೆ, ಬಂದಿರಲಿಲ್ಲ. ನಾನು ಗಮನಿಸಲಿಲ್ಲ, ರೂಢಿಯಂತೆ ಕರೆಯುತ್ತಾ ಹೋದೆ. ‘ಪರಿ?’ ಎಂದೆ. ‘ಇದೇ’ ಎಂದು ಬಂತು. ಮುಂದಿನದನ್ನು ಕರೆಯಬೇಕು ಎನ್ನುವಾಗ ತಲೆಯೆತ್ತಿ ನೋಡಿದೆ. ಆ ಜಾಗ ಖಾಲಿ ಇತ್ತು. ಕಿಟಕಿಗೆ ಹೋಗಿ ಬಗ್ಗಿ ನೋಡಿದೆ, ಅಲ್ಲಿಯೂ ಯಾರೂ ಇರಲಿಲ್ಲ. ಯಾರು ಅಂದದ್ದು ಎಂದು ಮಕ್ಕಳನ್ನು ಕೇಳಬಹುದಿತ್ತು. ನಾನು ಕೇಳಲಿಲ್ಲ ಮೇಡಂ. ವೆಂಕಟ್ ನನ್ನ ಮುಖ ನೋಡಿದ, ಎದ್ದ, ಓಡಿದ. ಅವನ ಹಿಂದೆ ಅರ್ಧ ಕ್ಲಾಸು ಓಡಿತು.

ಮನೆಯಿಂದ ಶಾಮಲಮ್ಮನನ್ನು ಕರೆದುಕೊಂಡೇ ಬಂದರು. ತಲೆಗೆ ಟವಲು ಬಿಗಿದುಕೊಂಡಿದ್ದಳು, ಏದುಸಿರು ಬಿಡುತ್ತಿದ್ದಳು. ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದಳು: ‘ಯಾವ್ ಕಡೆಯಿಂದ ಬಂತು?’

ಮಕ್ಕಳೆಲ್ಲ ಒಂದೇ ಕಡೆ ಕೈ ತೋರಿಸಿದರು. ಅವಳು ಆಂಜಿಯ ಬೆಂಚಿಗೆ ಹೋದಳು. ಯಾವಾಗಲೂ ಕೂರುವಲ್ಲಿ ಕೂರಲಿಲ್ಲ. ಪಕ್ಕದಲ್ಲಿ ಒಬ್ಬರಿಗೆ ಆಗುವಷ್ಟು ಜಾಗ ಬಿಟ್ಟು, ತುದಿಗೆ ಕುಳಿತಳು. ನಾನು ‘ಉಪ?’ ಎಂದು ಮುಂದಿನದನ್ನು ಕರೆದೆ.

ಆಶಾ